ಬರ್ತೀನಿ ಎಂಬ ಗುಂಡಿ

ನಮ್ಮ ಮನೆಯ ಹೊಸ್ತಿಲು ದಾಟುವವರು ಯಾರೂ ‘ಹೋಗ್ತೀನಿ’ ಎನ್ನುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಬೆನ್ನು ತಿರುಗಿಸಿ ‘ಬರ್ತೀನಿ’ ಎನ್ನುತ್ತಾರೆ. ಹೋಗುವವರು ಬರುತ್ತೇನೆಂದರೆ ನಮಗೆ ಗೊಂದಲವೇ ಇಲ್ಲ. ಈ ಮುದ್ದಾದ ಸುಳ್ಳನ್ನು ಕಂಪ್ಯೂಟರಿಗೂ ಕಲಿಸಹೋಗಿ ನಮ್ಮ ಶಾಲೆ ಪಟ್ಟ ಪಾಡನ್ನು ನಿಮಗೆ ಹೇಳಬೇಕು.

ನಾನು ನಾಗಸಂದ್ರದ ಬಳಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಟೀಚರು. ನಮ್ಮ ಮಕ್ಕಳ ಮನೆಯವರು ಬಹುಪಾಲು ಉತ್ತರದ ಜಿಲ್ಲೆಗಳಿಂದ ಪೀಣ್ಯದ ಕಾರ್ಖಾನೆಗಳಿಗೆ, ಕಟ್ಟಡ ಕೆಲಸಕ್ಕೆ ಬಂದವರು. ಒಂಬತ್ತನೆಯ ತರಗತಿಯ ರೇಣುಕಾ, ಗಾರೆ ಕೆಲಸದ ಅಪ್ಪನನ್ನು ಕೇಳಿ ಕೇಳಿ, ಕರಣೆ, ರಸಮಟ್ಟ, ತೂಗುಗುಂಡು ಎಂದು ಆ ಕಸುಬಿನ ಪದಗಳನ್ನು ಅರ್ಥಸಹಿತ ವರ್ಷವಿಡೀ ಬರೆದಿಟ್ಟಿದ್ದಳು. ಬರೆದದ್ದು ಯಾವುದೋ ದೂರದ ಕಂಪನಿ ಪುಕ್ಕಟೆ ಕೊಟ್ಟ ಆನ್‌ಲೈನ್ ತರಗತಿಯಲ್ಲಿ. ಅಪ್ಪ ರೀಚಾರ್ಜ್ ಮರೆತು ಸಿಮ್ ಸತ್ತಿತು; ತರಗತಿ ತೆರೆಯಲು ಬೇಕಾದ ಒಟಿಪಿ ಆ ಸತ್ತ ನಂಬರಿಗೇ ಹೋಗುತ್ತಿತ್ತು, ಅವಳು ಬರೆದದ್ದೆಲ್ಲ ಒಳಗೇ ಉಳಿಯಿತು. ನಾನು ಕಂಪನಿಗೆ ಬರೆದ ಪತ್ರಗಳಿಗೆಲ್ಲ ಯಂತ್ರವೊಂದು ವಿನಯದಿಂದ, ನೀವು ಯಾರೆಂದು ಖಚಿತವಾಗಲಿಲ್ಲ ಎಂದು ಉತ್ತರಿಸಿತು.

“ಇನ್ನ ಮ್ಯಾಲ ನಾ ಬರಿಯಂಗಿಲ್ರಿ ಮೇಡಂ. ಬರ್ದಿದ್ದು ಮತ್ತ ಹೋದ್ರ?” ಎಂದಳು ರೇಣುಕಾ. ನನಗೆ ಆ ಕಂಪನಿಯ ಮೇಲೆ ಕೋಪ ಬಂತು.

ನಮ್ಮ ಕಡೆಯ ಬಾಡಿಗೆ ಮನೆಗಳಲ್ಲಿ ಓನರ್ ಮೊದಲು ಹೇಳುವ ಮಾತು, ಗೋಡೆಗೆ ಮೊಳೆ ಹೊಡೀಬೇಡಿ. ಆ ಪುಕ್ಕಟೆ ತರಗತಿಗೆ ಬಾಡಿಗೆಯಿರಲಿಲ್ಲ ನಿಜ, ಮೊಳೆ ಹೊಡೆಯುವ ಹಕ್ಕೂ ಇರಲಿಲ್ಲ, ಬೀಗ ಬದಲಾದರೆ ಯಾಕೆಂದು ಕೇಳುವಂತೆಯೂ ಇರಲಿಲ್ಲ. ತರಬೇತಿಯಲ್ಲಿ ‘ಡಿಜಿಟಲ್ ಸಾರ್ವಭೌಮತ್ವ’ ಎಂದು ಕೇಳಿ ಆಕಳಿಸಿದ್ದವಳು ನಾನು. ಆ ಭಾರದ ಪದಕ್ಕೆ ನಮ್ಮ ಬೀದಿಯ ಅರ್ಥ ಸಿಕ್ಕಿದ್ದು ಆಗ.

ನಮ್ಮ ಕಂಪ್ಯೂಟರ್ ಮೇಷ್ಟ್ರು, ಕಾರ್ಖಾನೆಯೊಂದು ಬೇಡವೆಂದು ಕೊಟ್ಟ ಹಳೆಯ ಯಂತ್ರವನ್ನು ಗ್ರಂಥಾಲಯದ ಮೂಲೆಯಲ್ಲಿಟ್ಟು, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶವನ್ನು ಅದಕ್ಕೆ ಹಾಕಿದರು. ಹೀಗೆ ನಮ್ಮದೇ ಆನ್‌ಲೈನ್ ತರಗತಿಯಾಯಿತು; ಮಕ್ಕಳು ಅದನ್ನು ಎಲ್ಲಿಂದಲಾದರೂ ತೆರೆಯಬಹುದು. ಒಟಿಪಿ ಬೇಡ, ಪಾಸ್‌ವರ್ಡ್ ಸಾಕು; ಅದನ್ನು ಮರೆತರೆ ಶಾಲೆಯೇ ಹೊಸದು ಕೊಡುತ್ತದೆ. ಒಳಗಿನ ಇಂಗ್ಲಿಷನ್ನು ಮಕ್ಕಳೇ ಕನ್ನಡ ಮಾಡಿದರು. ‘ಲಾಗೌಟ್’ಗೆ ನಿಘಂಟು ‘ನಿರ್ಗಮಿಸಿ’ ಎಂದರೆ ಅವರು ‘ಬರ್ತೀನಿ’ ಎಂದರು. ನಾನು ಹಿಗ್ಗಿ ಒಪ್ಪಿಬಿಟ್ಟೆ.

ಹೆಡ್‌ಮಾಸ್ಟರು ಪೋಷಕರ ಸಭೆಗೆಂದು ಭಾಷಣ ಟೈಪಿಸಿ, ಸಭೆಯ ಪುಟದೊಳಗೆ ಬರಲೆಂದು ಆ ಗುಂಡಿಯನ್ನೇ ಒತ್ತಿದರು. ಒತ್ತುವ ಗುಂಡಿ ಬೀಳುವ ಗುಂಡಿಯಾಯಿತು. ಸಾರ್ ಹೊರಗೆ, ಭಾಷಣ ಮಾಯ.

“ಬರ್ತೀನಿ ಅಂತ ಇತ್ತಲ್ಲ ಮೇಡಂ, ಒಳಗೆ ಬರೋಕೇನೋ ಅಂತ ಒತ್ಬಿಟ್ಟೆ. ಇದೆಲ್ಲ ನಮ್ಗೆ ಆಗ್ಬರಲ್ಲ, ಹಳೇದಕ್ಕೇ ಹೋಗೋಣ ಬಿಡಿ” ಎಂದರು.

ಬಾಗಿಲಲ್ಲಿದ್ದ ರೇಣುಕಾಳ ಮುಖ ಇಳಿಯಿತು. ಕಳೆದುಹೋದ ಪಟ್ಟಿಯನ್ನು ಅವಳು ಈ ಹೊಸ ತರಗತಿಯಲ್ಲಿ ನೆನಪಿನಿಂದ ಮತ್ತೆ ಬರೆಯಲು ತೊಡಗಿ ವಾರವಾಗಿತ್ತಷ್ಟೆ. “ಒಂದ್ ತಾಸು ಬಿಡ್ರಿ ಸರ್, ಸರಿ ಮಾಡ್ತೀವಿ” ಎಂದು, ಸಾರ್ ‘ಹೂಂ’ ಎಂದದ್ದೇ ಓಡಿದಳು. ತಾಸು ತುಂಬುವ ಮೊದಲೇ ಗುಂಡಿಯ ಮೇಲೆ ‘ಹೋಗಿ ಬರ್ತೀನಿ’ ಎಂದಿತ್ತು. ಸಾರ್ ಕನ್ನಡಕ ಏರಿಸಿ ನೋಡಿದರು.

“ಇದನ್ನ ತಿದ್ದೋಕೆ ಯಾರ ಪರ್ಮಿಷನ್ ತಗೊಂಡ್ರಿ?”

“ನಿಮ್ದ ತಗೊಂಡಿವಲ್ರಿ ಸರ್. ಮತ್ಯಾರ್ದು ಬೇಕ್ರಿ?”

ಸಾರ್ ನಕ್ಕುಬಿಟ್ಟರು, ಹಳೆಯದರ ಮಾತು ಮತ್ತೆ ಎತ್ತಲಿಲ್ಲ. ಸ್ವಂತ ಮನೆಯ ತಾಪತ್ರಯ ನಮಗಿಲ್ಲವೆಂದಲ್ಲ. ಕರೆಂಟ್ ಹೋದರೆ ತರಗತಿಯೂ ಮುಚ್ಚುತ್ತದೆ, ಕಂಪ್ಯೂಟರ್ ಮೇಷ್ಟ್ರು ರಜೆ ಕೇಳಿದರೆ ನಮಗೆಲ್ಲ ಜ್ವರ ಬಂದಂತಾಗುತ್ತದೆ. ಆದರೂ ಸೋರುವ ಸೂರನ್ನು ನಾವೇ ಹತ್ತಿ ಸರಿಮಾಡಬಹುದೆಂಬ ಧೈರ್ಯ ನನಗೀಗ ಗಟ್ಟಿಯಾಗಿದೆ.

ದೀಪಾವಳಿಗೆ ಊರಿಗೆ ಹೋದ ರೇಣುಕಾ ಶಾಲೆ ತೆರೆದರೂ ಬರಲಿಲ್ಲ. ಅವಳ ಅಪ್ಪನಿಗೆ ಫೋನ್ ಮಾಡಿದರೆ ಆ ನಂಬರ್ ಚಾಲ್ತಿಯಲ್ಲಿರಲಿಲ್ಲ. ನನಗೆ ನಿಜಕ್ಕೂ ಭಯವಾಯಿತು. ನಾಲ್ಕನೆಯ ದಿನ ಅವಳ ಪಟ್ಟಿಯನ್ನು ತೆರೆದೆ. ಹಿಂದಿನ ಸಂಜೆ ಯಾರದೋ ಫೋನಿನಿಂದ ‘ಗಿಲಾವು: ಗೋಡೆಗೆ ಮೆತ್ತುವ ಗಾರೆ’ ಎಂದು ಹೊಸ ಪದ ಸೇರಿಸಿದ್ದಳು. ಕೆಳಗೆ ನನಗೊಂದು ಸಾಲಿತ್ತು: “ಸೋಮವಾರ ಬರ್ತೇವ್ರಿ ಮೇಡಂ. ಅಪ್ಪನ ನಂಬರ್ ಮತ್ತ ಹೋಗೈತಿ. ನಾ ಬರ್ದಿದ್ದು ಎಲ್ಲಾ ಐತ್ರಿ.”