ಗುರುತು ಅಳಿಸಿದ ಹಾಳೆ

ಚೆಂದ ಮಾಡಿಸಿದ್ದೇವೆ ಎಂದು ಯಾರಾದರೂ ಅಚ್ಚಿನ ಹಾಳೆ ಹಿಡಿದು ಬಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಾರಿಗೆ ಚೆಂದ, ಓದುವವರಿಗೋ ಮಾಡಿಸಿದವರಿಗೋ ಎಂದು ಮುಖದ ಮೇಲೇ ಕೇಳಿಬಿಡುತ್ತೇನೆ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಶಿಕಾರಿಪುರದ ಹತ್ತಿರದ ಹಳ್ಳಿಯೊಂದರಲ್ಲಿ ದೊಡ್ಡ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದೆ. ಅದಕ್ಕೆ ಮೊದಲು ಸೊರಬದ ಪ್ರೆಸ್ಸೊಂದರಲ್ಲಿ ಕರಡು ತಿದ್ದುತ್ತಿದ್ದೆ. ಬರಹದ ಕೆಳಗೆ ಒಂದು ಗೆರೆ ಎಳೆದರೆ ದಪ್ಪಕ್ಷರ, ಎರಡು ಎಳೆದರೆ ತಲೆಬರಹ ಎಂದು ಅಲ್ಲಿ ಅಚ್ಚಿನ ಮೊಳೆ ಜೋಡಿಸುವವರು ಹೇಳಿಕೊಟ್ಟಿದ್ದರು. ಆ ಉಪಾಯವನ್ನೇ ತರಗತಿಗೂ ತಂದೆ. ಕೈಬರಹದ ಪಾಠಗಳಲ್ಲಿ ಹೊಸ ವಿಷಯ ಶುರುವಾಗುವ ಕಡೆ ಒಂದು ನಕ್ಷತ್ರ, ಒತ್ತಿ ಓದಬೇಕಾದ ಮಾತಿನ ಕೆಳಗೆ ಗೆರೆ, ಉಸಿರು ತೆಗೆದುಕೊಳ್ಳಲು ಓರೆಗೀಟು. ಬೆರಳಿಟ್ಟು ಓದುವವರಿಗೆ ಅಷ್ಟು ಸಾಕಾಗುತ್ತಿತ್ತು.

ನನ್ನ ತರಗತಿಯ ಹೆಂಗಸೊಬ್ಬರು ಮಹಿಳಾ ಮೀಸಲಿನಲ್ಲಿ ಪಂಚಾಯ್ತಿ ಸದಸ್ಯೆಯಾದರು. ಐವತ್ತು ದಾಟಿದವರು. ಸಭೆಯಲ್ಲಿ ಕೂರುತ್ತಿದ್ದುದು ಅವರು, ಮಾತಾಡುತ್ತಿದ್ದುದು ಅವರ ಮೈದುನ. ಗ್ರಾಮಸಭೆಯಲ್ಲಿ ಹೆಂಗಸರ ಬೇಡಿಕೆಗಳನ್ನು ತಾವೇ ಓದಬೇಕೆಂದು ಅವರು ಹಟ ಹಿಡಿದರು. ಕೇರಿಗೊಂದು ಬೋರ್‌ವೆಲ್ ಬೇಕು, ಶಾಲೆಯ ಸೋರುವ ಹೆಂಚು ಬದಲಾಗಬೇಕು, ರೇಷನ್ ಅಂಗಡಿ ವಾರದಲ್ಲಿ ಎರಡು ದಿನವಾದರೂ ಬಾಗಿಲು ತೆಗೆಯಬೇಕು. ಅವರು ಹೇಳಿದ್ದನ್ನೆಲ್ಲ ನಮ್ಮ ಗುರುತುಗಳನ್ನಿಟ್ಟು ಬರೆದುಕೊಟ್ಟೆ. ಭಯವಾದರೆ ಬಾಯಿಪಾಠ ಮಾಡಿಬಿಡಿ ಎಂದೆ.

"ಬಾಯಿಪಾಠ ಗಿಣಿನೂ ಒಪ್ಪಿಸ್ತದೆ ಅಕ್ಕೋರೆ. ನಾನು ಓದ್ಬೇಕು. ನಾನು ಓದಿದ್ದು ಅವರು ನೋಡ್ಬೇಕು" ಎಂದರು.

ನಾಲ್ಕು ದಿನ ಓದಿ ಒಂದು ಹದಕ್ಕೆ ಬಂದರು. ಸಭೆಯ ಹಿಂದಿನ ದಿನ ಮೈದುನ ಆ ಹಾಳೆಯನ್ನು ಎತ್ತಿಕೊಂಡು ಶಿಕಾರಿಪುರದ ಡಿಟಿಪಿ ಅಂಗಡಿಗೆ ಹೋದ. ಮರುದಿನ ಬೆಳಿಗ್ಗೆ ನಾನು ಬಸ್ಸಿಳಿಯುತ್ತಿದ್ದಂತೆ ಹೊಸ ಹಾಳೆಯನ್ನು ಮುಂದೆ ಹಿಡಿದ. "ಆಫೀಸರು ಬರ್ತಾರ್ರೀ ಮೇಡಂ. ಆ ಗೀಚಿದ್ದನ್ನ ಹಿಡ್ಕಂಡು ಹೋದ್ರೆ ಮರ್ಯಾದಿ ಏನುಳಿತೈತಿ? ಅದನ್ನ ಅಂಗಡ್ಯಾಗೇ ಬಿಟ್ಟು ಬಂದೆ." ನುಣುಪಾದ ಕಾಗದ, ಸುತ್ತ ಬಳ್ಳಿಯ ಅಂಚು, ಒಂದೊಂದು ಅಕ್ಷರದ ಹಿಂದೆಯೂ ನೆರಳು. ಚೆನ್ನಾಗಿದೆ ಎಂದೆ. ಹೌದು, ನನ್ನ ಈ ಬಾಯಿಂದಲೇ ಎಂದೆ.

ಸಭೆಯಲ್ಲಿ ಅವರು ಎದ್ದು ನಿಂತರು. ಮೊದಲ ಸಾಲಿಗೆ ಬೆರಳಿಟ್ಟರು, ತೆಗೆದರು, ಇನ್ನೊಂದು ಕಡೆ ಇಟ್ಟರು. ನಕ್ಷತ್ರವಿಲ್ಲ, ಗೆರೆಯಿಲ್ಲ, ಎಲ್ಲ ಬೇಡಿಕೆಗಳೂ ಒಂದಕ್ಕೊಂದು ಅಂಟಿಕೊಂಡಿವೆ. "ಇವು ಬ್ಯಾರೆ ಅದಾವಲ್ಲ" ಎಂದು ಮೆಲ್ಲಗೆ ಅಂದರು. ಹಿಂದೆ ಯಾರೋ ಕಿಸಕ್ಕೆಂದರು.

"ಕೊಡು ಅತ್ತಿಗಿ" ಎಂದು ಮೈದುನ ಹಾಳೆ ಕಿತ್ತುಕೊಂಡು ಗಡಗಡ ಓದಿ ಮುಗಿಸಿದ. ರೇಷನ್ ಅಂಗಡಿಯ ಮಾತನ್ನು ನುಂಗಿಬಿಟ್ಟ. ಅಂಗಡಿ ಅವನ ಸ್ನೇಹಿತನದು. ಅಧಿಕಾರಿಗಳು ತಲೆಯಾಡಿಸಿದರು. ಅಷ್ಟು ಜನರಲ್ಲಿ ಒಬ್ಬರಿಗಾದರೂ, ತಡವರಿಸಲಿ ಬಿಡಿ, ಅವರೇ ಓದಲಿ ಎನ್ನಬೇಕೆಂದು ಅನ್ನಿಸಲಿಲ್ಲ. ಎಂಥ ಜನ ಇವರು ಎಂದು ನಾನೂ ಒಳಗೊಳಗೇ ಕುದಿದೆನೇ ಹೊರತು ಬಾಯಿ ಬಿಡಲಿಲ್ಲ.

ಕೊನೆಗೆ ಹಾಜರಿ ಪುಸ್ತಕ ಬಂತು. ಕಾರ್ಯದರ್ಶಿ ಅದರ ಜೊತೆಗೆ ಮಸಿಯ ಡಬ್ಬಿಯನ್ನೂ ಅವರ ಮುಂದೆ ಸರಿಸಿದರು. ಆರು ತಿಂಗಳಿಂದ ಅದೇ ಪುಸ್ತಕದಲ್ಲಿ ಸಹಿ ಮಾಡುತ್ತಿದ್ದವರು ಅವತ್ತು ಹೆಬ್ಬೆಟ್ಟು ಒತ್ತಿದರು.

ಹೊರಗೆ ಬಂದ ಮೇಲೆ ಸೆರಗಿನಲ್ಲಿ ಮಸಿ ಒರೆಸಿಕೊಳ್ಳುತ್ತ ಕೇಳಿದರು. "ಬೆಳಿಗ್ಗೆನೇ ನಿಮಗೆ ತೋರ್ಸಿದ್ನಂತೆ?"

"ತೋರಿಸಿದ್ದ."

"ಓದಿದ್ರಾ ಅಕ್ಕೋರೆ?"

ನಾನು ಓದಿದ್ದು ಕಟ್ಟಕಡೆಯ ಸಾಲೊಂದನ್ನೇ. ಬರೆದುಕೊಟ್ಟವರು ಎಂದು ಅಲ್ಲಿ ನನ್ನ ಹೆಸರು ಹಾಕಿಸಿದ್ದ.