ಗಟಾರದ ಕೆಳಗೆ ಅಳೆದ ನದಿ

ಠಾಣೆ ಬಳಿಯ ಕಲ್ಯಾಣದ ಆಚೆ, ನದಿಗೆ ಅಡ್ಡ ಕಟ್ಟಿದ ಬಾಂದಾರದಿಂದ ಕಾಲುಸೇತುವೆಯವರೆಗೆ ನಾನು ಮೂರು ಸಲ ನಡೆದಿದ್ದೇನೆ. ಬಾಂದಾರದ ಹಿಂದೆ ನೀರು ತುಂಬಿ ನಿಂತಿರುತ್ತದೆ. ನಗರಕ್ಕೆ ಪಂಪಾಗುವುದು ಆ ನೀರು. ಮುಂದೆ ಬರೀ ಕಲ್ಲು. ಏಪ್ರಿಲ್‌ನಲ್ಲಿ ಅಲ್ಲಿ ಚಪ್ಪಲಿ ನೆನೆಯದಂತೆ ನದಿ ದಾಟಿದೆ. ಇನ್ನಷ್ಟು ಕೆಳಗೆ, ಎಡದಂಡೆಯಿಂದ, ನಗರದ ದೊಡ್ಡ ಗಟಾರ ಬಂದು ಬೀಳುತ್ತದೆ. ಅಲ್ಲಿಂದ ನದಿ ಮತ್ತೆ ಹರಿಯುತ್ತದೆ, ಕಪ್ಪಗೆ, ಸಾಬೂನಿನ ನೊರೆ ಹೊತ್ತುಕೊಂಡು. ಸೇತುವೆ ಇರುವುದು ಗಟಾರಕ್ಕಿಂತ ಕೆಳಗೆ.

ಹರಿವು ಅಳೆಯುವುದು ನನ್ನ ಕೆಲಸ. ಗುತ್ತಿಗೆಯ ಮೇಲೆ ಅಳತೆ ಮಾಡಿಕೊಡುವ ಸಣ್ಣ ಕಂಪನಿ ನಮ್ಮದು. ಆ ಬೇಸಗೆ ನಗರ ಇನ್ನಷ್ಟು ನೀರು ಕೇಳಿತ್ತು. ಕೊಡಬಹುದು, ಆದರೆ ವರ್ಷವಿಡೀ ಇಂತಿಷ್ಟು ನೀರು ನದಿಯಲ್ಲಿ ಹರಿಯುತ್ತಿರಬೇಕು ಎಂಬುದು ಷರತ್ತು. ಎಷ್ಟು ಎನ್ನುವುದು ಮೊದಲೇ ತೀರ್ಮಾನವಾಗಿತ್ತು. ಎಲ್ಲಿ ಅಳೆಯಬೇಕು ಎನ್ನುವುದೊಂದೇ ಉಳಿದಿತ್ತು. ಸೇತುವೆಯ ಹತ್ತಿರ ಎಂದರು ನಗರದ ಎಂಜಿನಿಯರು. ಗಟಾರಕ್ಕಿಂತ ಮೇಲೆ ಎಂದರು ಸೇತುವೆಯಾಚೆಯ ಹಳ್ಳಿಯ ಪಂಚಾಯತಿ ಸದಸ್ಯೆ, ಅರವತ್ತು ದಾಟಿದ ಹೆಂಗಸು. ಅವರ ಹಳ್ಳಿಯ ಕುಡಿಯುವ ನೀರಿನ ಬಾವಿ ನದಿಯ ದಂಡೆಯಲ್ಲೇ ಇದೆ. ನದಿಯಲ್ಲಿ ಏನು ಹರಿಯುತ್ತದೋ ಅದೇ ಬಾವಿಗೆ ಬಸಿಯುತ್ತದೆ.

ಅದನ್ನು ತೀರ್ಮಾನಿಸುವ ಸಭೆ ಮರಾಠಿಯಲ್ಲಿ ನಡೆಯುತ್ತಿತ್ತು. ನಡುವೆ ವಡಾ ಬಂತು. ಎಂಜಿನಿಯರು ವಿಜಯಪುರದ ಕಡೆಯವರು. ನಾನು ಉಡುಪಿಯ ಮನೆಯವಳು, ಹುಟ್ಟಿದ್ದು ಠಾಣೆಯ ವರ್ತಕ ನಗರದಲ್ಲಿ. ಇಲ್ಲಿ ನಮ್ಮವರಿಗೆಲ್ಲ ಒಂದು ಅಭ್ಯಾಸವಿದೆ. ಲೋಕಲ್ ರೈಲಿನಲ್ಲಿ, ಅಂಗಡಿಯಲ್ಲಿ, ಎದುರಿನವರಿಗೆ ತಿಳಿಯಬಾರದ್ದನ್ನು ಕನ್ನಡದಲ್ಲಿ ಆಡುತ್ತೇವೆ. ಅದರಲ್ಲಿ ತಪ್ಪೇನಾದರೂ ಇದೆ ಎಂದು ಅಂದಿನವರೆಗೆ ನನಗೆ ಅನಿಸಿರಲಿಲ್ಲ.

ವಡಾ ಮುರಿಯುತ್ತ ಎಂಜಿನಿಯರು ನನ್ನ ಕಡೆ ಬಾಗಿದರು. “ತಂಗಿ, ಗಟಾರದ ಮ್ಯಾಲೆ ಅಳದ್ರ ಎಷ್ಟು ಬರ್ತದ?”

“ಏನೂ ಬರುದಿಲ್ಲ ಸರ್. ಅಲ್ಲಿ ನೀರೇ ಇಲ್ಲ.”

“ಸೇತುವಿ ಹತ್ರ?”

“ಷರತ್ತಿಗಿಂತ ಸ್ವಲ್ಪ ಜಾಸ್ತಿಯೇ ಉಂಟು. ಆದ್ರೆ ಅದು ಗಟಾರದ್ದಲ್ವಾ ಸರ್?”

“ನೀರು ಹರೀಬೇಕು ಅಂತ ಬರದಾರ. ಯಾರೂ ತೊಳಕೊಳ್ಳದ ನೀರು ಅಂತ ಬರದಾರೇನು?” ಅವರು ನಕ್ಕರು. ತುಟಿಗೆ ಹಸಿರು ಚಟ್ನಿ ಮೆತ್ತಿತ್ತು. “ಅಳತಿ ಬರೋಬ್ಬರಿ ಐತಿ ಅಂತ ಹೇಳು, ಸಾಕು. ಸುಳ್ಳೇನ್ ಅಲ್ಲಲ್ಲ.”

ನಾನೂ ನಕ್ಕೆ. ಅದನ್ನು ಇಲ್ಲಿ ಬರೆಯದೆ ಬಿಡುವಂತಿಲ್ಲ.

ಎದುರು ಕೂತಿದ್ದ ಆ ಹೆಂಗಸು ನಮ್ಮಿಬ್ಬರನ್ನೂ ನೋಡುತ್ತಿದ್ದರು. “ಏನು ಪೋರೀ,” ಎಂದರು ಮರಾಠಿಯಲ್ಲಿ, “ಸಾಹೇಬರು ನಗಿಸಿದ್ದು ನಮಗೂ ಹೇಳು. ನಾವೂ ನಗುತ್ತೇವೆ.”

“ಊರ ಕಡೆ ಸುದ್ದಿ, ಮಾವಶಿ.”

“ಹೌದಾ? ನಿಮ್ಮೂರಲ್ಲಿ ನದಿ ಇದೆಯಾ? ಅದರಲ್ಲಿ ನೀರು?”

ಯಾರೋ ಕೆಮ್ಮಿದರು. ಸೇತುವೆಯ ಹತ್ತಿರದ ಅಳತೆ ಸರಿಯಿದೆಯೇ ಎಂದು ಸಭೆಯ ಅಧ್ಯಕ್ಷರು ನನ್ನನ್ನು ಕೇಳಿದರು. ಸರಿಯಿದೆ ಎಂದೆ. ಸರಿಯೇ ಇತ್ತು. ದಂಡೆಯಿಂದ ದಂಡೆಗೆ ಹಗ್ಗ ಕಟ್ಟಿ, ಮೀಟರಿಗೊಮ್ಮೆ ಯಂತ್ರ ಇಳಿಸಿ, ಎರಡೆರಡು ಸಲ ಓದಿ ಬರೆದದ್ದು. ಬೂಟಿಗೆ ಅಂಟಿದ್ದನ್ನು ಕಡ್ಡಿಯಿಂದ ಕೆರೆದು ತೆಗೆಯಬೇಕಾಗಿ ಬಂದಿತ್ತು. ಅದಕ್ಕೆ ನಮೂನೆಯಲ್ಲಿ ಅಂಕಣವಿಲ್ಲ. ಗಟಾರಕ್ಕಿಂತ ಮೇಲೆ ಹರಿವು ಸೊನ್ನೆ ಎಂದು ನಾನೇ ಬರೆದ ಹಾಳೆಯೂ ಫೈಲಿನಲ್ಲಿತ್ತು. ಫೈಲು ನನ್ನ ಮೊಣಕೈಯ ಕೆಳಗಿತ್ತು. ಅದನ್ನು ಯಾರೂ ಕೇಳಲಿಲ್ಲ. ನಾನು ತೆಗೆಯಲಿಲ್ಲ.

“ಮತ್ತೆ ಮೇಲಿನದ್ದು?” ಎಂದು ಆ ಹೆಂಗಸು ಕೇಳಿದರು.

“ನೀರು ಇರುವಲ್ಲೇ ಅಳೆಯಬೇಕಲ್ಲವೇ ತಾಯಿ?” ಎಂದರು ಅಧ್ಯಕ್ಷರು, ತಾಳ್ಮೆಯಿಂದ. ಹಾಗೆಯೇ ಬರೆಸಿದರು. ಅಳತೆಯ ಜಾಗ ಕಾಲುಸೇತುವೆ ಎಂದಾಯಿತು. ಅಂದರೆ ಬಾಂದಾರದಿಂದ ಒಂದು ಹನಿಯನ್ನೂ ಬಿಡಬೇಕಾಗಿಲ್ಲ. ನಾವು ತೊಳೆದು ಚೆಲ್ಲಿದ್ದೇ ಇನ್ನು ಮುಂದೆ ನದಿಯ ಪಾಲು. ಕೆಳಗೆ ನನ್ನ ಸಹಿ ಇದೆ.

ಮೆಟ್ಟಿಲ ಹತ್ತಿರ ಆ ಹೆಂಗಸು ನನಗಾಗಿ ಕಾದಿದ್ದರು. ಮುಖದಲ್ಲಿ ಸಿಟ್ಟು ಇರಲಿಲ್ಲ.

“ಬಿಸಿಲಲ್ಲಿ ಮೂರು ಸಲ ಬಂದೆಯಂತೆ, ಒಮ್ಮೆಯೂ ಮನೆಗೆ ಬರಲಿಲ್ಲ. ಈಗ ಬಾ. ಬಾವಿಯ ನೀರಲ್ಲಿ ಚಹಾ ಮಾಡಿಕೊಡುತ್ತೇನೆ.”

“ಆ ನೀರು ಬೇಡ ಮಾವಶಿ,” ಎಂದುಬಿಟ್ಟೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಹಾಂ,” ಎಂದರು, “ಇದನ್ನು ಒಳಗೆ ಹೇಳಬೇಕಿತ್ತು.”