ಹಗ್ಗ ಹಿಡಿಯುವ ಮುನ್ನ ಒಂದು ಹನಿ ರಕ್ತ

ಇಪ್ಪತ್ತೆರಡು ಅಂತಸ್ತಿನ ಕಟ್ಟಡದ ತಾರಸಿ. ಬೆಳಕು ಈಗಷ್ಟೇ ಹರಿಯುತ್ತಿದೆ, ಕೆಳಗೆ ಬೀದಿ ದೀಪಗಳು ಇನ್ನೂ ಆರಿಲ್ಲ. ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡ ನಡುವಯಸ್ಸಿನ ಹೆಂಗಸೊಬ್ಬರು ನೀರಿನ ತೊಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬೆರಳಿಗೆ ಸೂಜಿ ಚುಚ್ಚುತ್ತಾರೆ. ಸಾಸಿವೆ ಕಾಳಿನಷ್ಟು ರಕ್ತ ಒಸರುತ್ತದೆ. ಅಂಗೈಯಲ್ಲಿರುವ ಪುಟ್ಟ ಯಂತ್ರ ಅದನ್ನು ಹೀರಿ ನೂರ ಎಪ್ಪತ್ತೆರಡು ಎಂದು ತೋರಿಸುತ್ತದೆ. “ಇಳೀಬಹುದು ಅತ್ತಿಗೆ,” ಎನ್ನುತ್ತಾರೆ, ಪಕ್ಕದಲ್ಲಿ ಹಗ್ಗದ ಗಂಟುಗಳನ್ನು ಎಳೆದೆಳೆದು ನೋಡುತ್ತಿರುವ ಅಣ್ಣನ ಹೆಂಡತಿಗೆ. ಮರುಕ್ಷಣ ಅಂಚು ದಾಟಿ, ಬಕೆಟ್ಟಿನ ಸಮೇತ ಹೊರಗೆ ತೂಗುತ್ತಿರುತ್ತಾರೆ. ನೋಡುತ್ತ ನಿಂತವರ ಜೀವ ಬಾಯಿಗೆ ಬರುತ್ತದೆ.

ಎತ್ತರದ ಕಟ್ಟಡಗಳ ಹೊರಗಾಜು ಒರೆಸುವುದು ಇವರ ಕಸುಬು. ಜೊತೆಗಾರರು ಇಟ್ಟ ಹೆಸರು ಜೇಡಮ್ಮ. ಎಲೆಮರೆಯ ಕಾಯಿ ಅನ್ನೋಣವೆಂದರೆ ಇವರಿಗೆ ಮರೆಯೆಂಬುದೇ ಇಲ್ಲ, ಊರಿಗೆ ಊರೇ ನೋಡುವಂತೆ ನೇತಾಡುತ್ತಾರೆ. ಆದರೆ ಗಾಜಿನ ಒಳಗೆ ಕೂತವರು ಕಂಪ್ಯೂಟರಿನಿಂದ ತಲೆಯೆತ್ತುವುದಿಲ್ಲ. ಎತ್ತಿದರೂ ಇವರ ದೇಹದೊಳಗೆ ನಡೆಯುತ್ತಿರುವ ಇನ್ನೊಂದು ಕೆಲಸ ಅವರಿಗೆ ಕಾಣುವುದಿಲ್ಲ.

ಹದಿನಾರನೆಯ ವಯಸ್ಸಿನಿಂದ ಜೇಡಮ್ಮನಿಗೆ ಸಕ್ಕರೆ ಕಾಯಿಲೆ. ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿದೆ. ಹೊತ್ತು ಹೊತ್ತಿಗೆ ಹೊಟ್ಟೆಗೋ ತೊಡೆಗೋ ಚುಚ್ಚಿಕೊಳ್ಳಬೇಕು. ಎಷ್ಟು ಎಂಬುದೇ ತಲೆನೋವು. ಕಡಿಮೆಯಾದರೆ ಸಕ್ಕರೆ ಏರಿ ಕೂರುತ್ತದೆ. ಹೆಚ್ಚಾದರೆ ಇಳಿದು ಕೈ ನಡುಗುತ್ತದೆ, ಕಣ್ಣು ಕತ್ತಲಿಡುತ್ತದೆ, ಪ್ರಜ್ಞೆಯೂ ತಪ್ಪಬಹುದು. ನೆಲದ ಮೇಲಿದ್ದರೆ ಕೂತು ಏನಾದರೂ ತಿಂದು ಸುಧಾರಿಸಿಕೊಳ್ಳಬಹುದು. ಹಗ್ಗದ ಮೇಲೆ ಆ ಸೌಲಭ್ಯವಿಲ್ಲ.

“ಗಾಜು ಒರೆಸೋದು ಅಂದ್ರೆ ಕೈ ಆಡಿಸೋದು ಅಂದ್ಕೋಬೇಡಿ,” ಎಂದು ನಗುತ್ತಾರೆ. “ಬೆನ್ನು, ತೊಡೆ, ಹೊಟ್ಟೆ ಎಲ್ಲಾ ದುಡೀತವೆ. ದುಡಿದ್ರೆ ಸಕ್ಕರೆ ತಾನಾಗೇ ಇಳಿಯುತ್ತೆ. ಅದಕ್ಕೇ ಹಗ್ಗದ ದಿನ ಬೆಳಿಗ್ಗೆ ನಾಲ್ಕು ಯೂನಿಟ್. ಸುಮ್ನೆ ಮನೇಲಿರೋ ದಿನ ಎಂಟು. ಸ್ವಲ್ಪ ಗಾಳಿ ಇದೆ ಅಂದ್ರೆ ಗೋಡೆಗೆ ಕಾಲು ಒತ್ತಿ ನಿಲ್ಬೇಕಲ್ಲ, ಆಗ ಮೂರೇ. ಇದು ನನ್ನ ಮೈ ಲೆಕ್ಕ. ಇನ್ನೊಬ್ರು ನೋಡಿ ಮಾಡೋ ಹಾಗಿಲ್ಲ.”

ಈ ಲೆಕ್ಕ ಸುಲಭಕ್ಕೆ ಕೈಗೆ ಹತ್ತಿದ್ದಲ್ಲ. ಆಸ್ಪತ್ರೆಯ ನರ್ಸಮ್ಮನ ಜೊತೆ ಕೂತು, ಒಂದೊಂದೇ ಯೂನಿಟ್ ಇಳಿಸಿ ಏರಿಸಿ, ತಿಂಗಳುಗಟ್ಟಲೆ ಹೆಣಗಿ ಕಂಡುಕೊಂಡದ್ದು. ರಾತ್ರಿ ನಿದ್ದೆ ಬಂತೇ, ತಟ್ಟೆಯಲ್ಲಿ ಎಷ್ಟಿದೆ, ಹೊರಗೆ ಗಾಳಿ ಹೇಗಿದೆ, ಮನೆಯಲ್ಲಿ ಜಗಳವಾಯಿತೇ, ಎಲ್ಲವನ್ನೂ ತೂಗಿ ನೋಡಿ ಸೂಜಿ ಚುಚ್ಚಿಕೊಳ್ಳುತ್ತಾರೆ. ನಮ್ಮ ನಿಮ್ಮ ಮೈ ತಾನೇ ಮಾಡಿಕೊಳ್ಳುವ ಕೆಲಸವನ್ನು ಇವರು ದಿನವೂ ತಲೆ ಕೆಡಿಸಿಕೊಂಡು ಮಾಡುತ್ತಾರೆ, ಆಮೇಲೆ ಹೋಗಿ ಹಗ್ಗ ಹಿಡಿಯುತ್ತಾರೆ. ನಿಜಕ್ಕೂ ಮೂಗಿನ ಮೇಲೆ ಬೆರಳಿಡುವಂತಾಗುತ್ತದೆ.

ಮೇಲೆ ಹಗ್ಗ ಕಾಯುವ ಅತ್ತಿಗೆಗೆ ತಮ್ಮದೇ ಒಂದು ಪರೀಕ್ಷೆಯಿದೆ. ಆಗಾಗ ವಾಕಿಟಾಕಿಯಲ್ಲಿ ನಾದಿನಿಯ ಕಾಲೆಳೆಯುತ್ತಾರೆ. “ಏನೇ, ಆ ಮೂಲೆ ನಿಮ್ಮಣ್ಣ ಸ್ನಾನ ಮಾಡಿದ ಹಾಗಿದೆಯಲ್ಲೇ, ಅರ್ಧಂಬರ್ಧ.”

“ಕಟ್ಕೊಂಡೋರು ನೀವು ಅತ್ತಿಗೆ, ಉಜ್ಜೋದೂ ನೀವೇ,” ಎಂದು ಕೆಳಗಿನಿಂದ ಉತ್ತರ ಬಂದರೆ ಎಲ್ಲ ಸರಿಯಿದೆ ಎಂದರ್ಥ. “ಸಕ್ಕರೆ ಇಳಿದ್ರೆ ಇವಳಿಗೆ ತಮಾಷೆ ಅರ್ಥ ಆಗಲ್ಲ,” ಎನ್ನುತ್ತಾರೆ ಅತ್ತಿಗೆ. “ಮೂಗಿನ ತುದೀಲಿ ಕೋಪ. ನಿಜವಾಗ್ಲೂ ಜಗಳಕ್ಕೆ ನಿಂತ್ಲು ಅಂದ್ರೆ ಕೇಳದೆ ಇಳಿಸಿಬಿಡ್ತೀನಿ.”

ಹಾಗೆ ಇಳಿಸಿದ್ದು ಒಂದೇ ಸಲ. ಮೂರು ವರ್ಷದ ಹಿಂದೆ ಜೋರು ಗಾಳಿಯೆಂದು ಮೇಸ್ತ್ರಿ ಕೆಲಸ ರದ್ದು ಮಾಡಿದ್ದರು. ಜೇಡಮ್ಮ ನಿಶ್ಚಿಂತೆಯಿಂದ ಮನೆಯ ದಿನದ ಎಂಟು ಯೂನಿಟ್ ಚುಚ್ಚಿಕೊಂಡು ತಿಂಡಿ ತಿಂದರು. ಅಷ್ಟರಲ್ಲಿ ಗಾಳಿ ನಿಂತಿತು, ಮೇಸ್ತ್ರಿ ಫೋನ್ ಮಾಡಿದರು, ಇವರು ಓಡಿದರು. “ಒಳಗೆ ಹೋಗಿದ್ದನ್ನ ವಾಪಸ್ ತೆಗೆಯೋಕಾಗಲ್ಲ. ಗೊತ್ತಿದ್ದೂ ಗೊತ್ತಿದ್ದೂ, ಎರಡು ಬಿಸ್ಕತ್ತು ತಿಂದ್ರೆ ಆಯ್ತು ಅಂದ್ಕೊಂಡೆ.” ಅರ್ಧ ದಾರಿಯಲ್ಲಿ ಅತ್ತಿಗೆಯ ತಮಾಷೆಗೆ ಬೈಗುಳ ಬಂತು. ಇಳಿಸಿದರೆ ಹಗ್ಗ ಕತ್ತರಿಸಿಬಿಡುತ್ತೇನೆ ಎಂದರಂತೆ. ಅತ್ತಿಗೆ ಮೇಸ್ತ್ರಿಯ ಕೈಯನ್ನೂ ಸೇರಿಸಿಕೊಂಡು ಸೀದಾ ಬೀದಿಗೆ ಇಳಿಸಿದರು. ಕೆಳಗಿದ್ದವರು ಸಕ್ಕರೆ ನೀರು ಕುಡಿಸಿದರು. ಬೈದದ್ದು ಜೇಡಮ್ಮನಿಗೆ ಇವತ್ತಿಗೂ ನೆನಪಿಲ್ಲ. “ನಂಗೆ ಒಂದೊಂದು ಅಕ್ಷರಾನೂ ನೆನಪಿದೆ,” ಎಂದು ಅತ್ತಿಗೆ ನಗುತ್ತಾರೆ, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ.

ಆಮೇಲೆ ಬಹಳ ಕಾಲ ಜೇಡಮ್ಮನ ಕೈಗೆ ಸಿಕ್ಕಿದ್ದು ಪೊರಕೆ ಮಾತ್ರ. ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ ಮೇಸ್ತ್ರಿ ಮತ್ತೆ ಹಗ್ಗ ಕೊಟ್ಟರು. ಇನ್ನೊಮ್ಮೆ ಹೀಗಾದರೆ ಈ ಕಸುಬಿಗೇ ತಿಲಾಂಜಲಿ ಎಂದೂ ಹೇಳಿದರು.

ನಾವು ತಾರಸಿಯಲ್ಲಿ ಕಂಡು ಮಾತಾಡಿಸಿದ ಮರುದಿನ ಚಿತ್ರ ತೆಗೆಯಲು ಪತ್ರಿಕೆಯ ಫೋಟೋಗ್ರಾಫರ್ ಬಂದಿದ್ದಾರೆ. ನಸುಕಿನಲ್ಲಿ ಗಾಳಿ ಬೀಸಿದ್ದರಿಂದ ಕೆಲಸ ರದ್ದಾಗಿತ್ತು. ಬಿಸಿಲೇರುವ ಹೊತ್ತಿಗೆ ಒಂದೆಲೆಯೂ ಅಲುಗುವುದಿಲ್ಲ, ಗಾಜಿನ ತುಂಬ ಹೊಂಬಿಸಿಲು. ಇಂಥ ಬೆಳಕು ಮತ್ತೆ ಸಿಗಲಿಕ್ಕಿಲ್ಲವೆಂದು ಫೋಟೋಗ್ರಾಫರ್ ಚಡಪಡಿಸುತ್ತಾರೆ. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಫೋನ್ ಮಾಡುತ್ತಾರೆ. ಜೇಡಮ್ಮ ಬರುತ್ತಾರೆ, ಬೆಲ್ಟ್ ಮಾತ್ರ ಕಟ್ಟಿಕೊಳ್ಳುವುದಿಲ್ಲ. ಕಟ್ಟಡದ ಬುಡದಲ್ಲೇ ಬೆರಳು ಚುಚ್ಚಿ ನೋಡುತ್ತಾರೆ. ನೂರ ಎಂಬತ್ತು.

“ನಿನ್ನೆಗಿಂತ ಜಾಸ್ತಿನೇ ಇದೆಯಲ್ಲಮ್ಮ. ಐದು ನಿಮಿಷ ಸಾಕು,” ಎನ್ನುತ್ತಾರೆ ಹಿಂದಿನ ದಿನದ ಅಂಕಿಯನ್ನು ನಮ್ಮಿಂದ ಕೇಳಿ ತಿಳಿದಿದ್ದ ಫೋಟೋಗ್ರಾಫರ್.

“ಈಗ ಇದೆ ಸಾರ್. ಆದ್ರೆ ಎಂಟು ಯೂನಿಟ್ ಒಳಗಿದೆ, ಅದರ ಕೆಲಸ ಇನ್ನೂ ಮುಗಿದಿಲ್ಲ.”

ಮೇಸ್ತ್ರಿ ಒಮ್ಮೆ ಆಕಾಶ ನೋಡುತ್ತಾರೆ, ಒಮ್ಮೆ ಇವರ ಮುಖ ನೋಡುತ್ತಾರೆ, ಬೆಲ್ಟನ್ನು ಮಡಚಿಡುತ್ತಾರೆ. ಹಗ್ಗದ ಮೇಲಿನ ಚಿತ್ರವೆಂದರೆ ಜೇಡಮ್ಮನಿಗೇನು ಆಸೆಯಿಲ್ಲದಿಲ್ಲ. ಈ ಕಾಯಿಲೆ ಇಟ್ಟುಕೊಂಡು ಇವಳು ಏನು ಮಾಡಿಯಾಳು ಎಂದು ಕೊರಗುತ್ತಿದ್ದ ತಾಯಿಗೆ ಅದನ್ನು ತೋರಿಸಬೇಕಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಕ್ಯಾಮೆರಾದ ಎದುರು ನೆಟ್ಟಗೆ ನಿಲ್ಲುತ್ತಾರೆ.

“ಹೀಗೇ ತೆಗೀರಿ ಸಾರ್, ನೆಲದ ಮೇಲೆ ನಿಂತಿರೋ ಹಾಗೆ. ಇವತ್ತು ಹಗ್ಗ ಹಿಡಿಯಲ್ಲ ಅಂದಿದ್ದೂ ನನ್ನ ಕೆಲಸಾನೇ.”